ಗುಜರಿಗೆ ಹೋಗುವ ಮುನ್ನ ಒಂದು ತುಂಡು

ಹಳೆಯ ಯಂತ್ರ ಗುಜರಿಗೆ ಹೊರಟಿತೆಂದರೆ ಅದಕ್ಕೆ ಬೆಲೆ ಕಟ್ಟುವುದು ತೂಕದ ಮೇಲೆ. ದಶಕಗಳ ಕಾಲ ಬಿಸಿ, ಒತ್ತಡ, ಅದುರಾಟ ತಡೆದುಕೊಂಡ ಉಕ್ಕು ಆ ಎಲ್ಲದರ ಗುರುತನ್ನೂ ತನ್ನ ಹರಳುಗಳಲ್ಲಿ ಉಳಿಸಿಕೊಂಡಿರುತ್ತದೆ. ಕುಲುಮೆಗೆ ಬಿದ್ದರೆ ಅದೆಲ್ಲ ಕರಗಿಹೋಯಿತು. ಹಾಗಾಗುವ ಮೊದಲೇ, ಬೇಕಾದ ಜಾಗದಿಂದ ಒಂದಿಷ್ಟು ಲೋಹವನ್ನು ಕೆಡದಂತೆ ಕತ್ತರಿಸಿ ತೆಗೆಯುವ ಕಸುಬೊಂದಿದೆ.

ಇಲ್ಲಿ ಮೊದಲ ಶತ್ರು ಕತ್ತರಿಸುವಾಗ ಹುಟ್ಟುವ ಶಾಖವೇ. ಸಾಮಾನ್ಯ ಉಕ್ಕು 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಒಳರಚನೆ ಬದಲಾಗತೊಡಗುತ್ತದೆ. ಗ್ಯಾಸ್ ಕಟರ್‌ನ ಜ್ವಾಲೆ ತಾಗಿದ ಅಂಚಿನಲ್ಲಿ ಕಾಣುವುದು ಆ ಜ್ವಾಲೆಯ ಕಥೆ, ಯಂತ್ರದ್ದಲ್ಲ. ಆದ್ದರಿಂದ ಮೊದಲು ಸಾಕಷ್ಟು ಅಂಚು ಬಿಟ್ಟು ದೊಡ್ಡ ತುಂಡನ್ನೇ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಕೂಲೆಂಟ್ ಸುರಿಯುತ್ತ ಬ್ಯಾಂಡ್‌ಸಾದಲ್ಲಿ ನಿಧಾನಕ್ಕೆ ಕೊಯ್ದು ಸುಟ್ಟ ಅಂಚನ್ನು ತೆಗೆದುಹಾಕುತ್ತಾರೆ. ತುಂಡು ಕಳಚುವ ಮೊದಲೇ ಒಳಮೈ ಯಾವುದು, ಮೇಲ್ತುದಿ ಯಾವುದು, ಬೆಸುಗೆ ಎಷ್ಟು ದೂರ ಎಂಬುದನ್ನು ಪಂಚ್ ಹೊಡೆದು ಗುರುತಿಸಬೇಕು. ಅದಿಲ್ಲದಿದ್ದರೆ ಎಂಥ ದುಬಾರಿ ಪ್ರಯೋಗಾಲಯವೂ ಆ ತುಂಡಿನಿಂದ ಹೆಚ್ಚೇನನ್ನೂ ಹೇಳಲಾರದು.

ಈ ಕಸುಬಿನ ಅತಿ ಕಠಿಣ ಪರೀಕ್ಷೆಗಳಲ್ಲೊಂದು ನಡೆದದ್ದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ. 1979ರ ಮಾರ್ಚ್ 28ರಂದು ಅಲ್ಲಿನ ಎರಡನೇ ಪರಮಾಣು ರಿಯಾಕ್ಟರಿನ ತಿರುಳಿನ ಸುಮಾರು ಅರ್ಧ ಭಾಗ ಕರಗಿತು; ಕರಗಿದ್ದರಲ್ಲಿ ಸುಮಾರು 20 ಟನ್, ತಿರುಳನ್ನು ಹೊತ್ತ ಉಕ್ಕಿನ ಪಾತ್ರೆಯ ತಳಕ್ಕೆ ಇಳಿಯಿತು. ಆದರೂ ತಳ ಒಡೆಯಲಿಲ್ಲ. ಅದು ಎಷ್ಟು ಕಾದಿತ್ತು, ಒಡೆಯಲು ಎಷ್ಟು ಬಾಕಿಯಿತ್ತು? ಉತ್ತರ ಇದ್ದದ್ದು ಆ ಉಕ್ಕಿನಲ್ಲೇ.

1990ರಲ್ಲಿ ತಜ್ಞರು ಅಲ್ಲಿಂದ 15 ಮಾದರಿಗಳನ್ನು ತೆಗೆದರು. ವೇದಿಕೆಯ ಮೇಲೆ ನಿಂತು, ಸುಮಾರು 12 ಮೀಟರ್ ಕೆಳಗೆ, ಬೋರಾನ್ ಬೆರೆಸಿದ ನೀರಿನೊಳಗೆ ಮಾಡಬೇಕಾದ ಕೆಲಸವದು. ಗರಗಸದ ಬದಲು ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ಸವೆಸುವ ಉಪಕರಣ ಬಳಸಿದರು. ಎರಡು ಓರೆ ಕೊಯ್ತಗಳು ಆಳದಲ್ಲಿ ಕೂಡಿಕೊಂಡು, ಕಲ್ಲಂಗಡಿ ಅಂಗಡಿಯವನು ಹಣ್ಣು ಕೆಂಪಗಿದೆಯೆಂದು ತೋರಿಸಲು ತೆಗೆಯುವ ಹೋಳಿನಂಥ ತುಂಡು ಹೊರಬಂತು. ಪಾತ್ರೆಯ ಗೋಡೆ ತೂತಾಗಲಿಲ್ಲ.

ಆ ತುಂಡುಗಳನ್ನು ನುಣುಪಾಗಿ ಉಜ್ಜಿ, ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಲೋಹವೇ ಉಷ್ಣಮಾಪಕವಾಯಿತು. ಹೆಚ್ಚಿನ ಕಡೆ ತಳ 727 ಡಿಗ್ರಿ ಮುಟ್ಟಿರಲೇ ಇಲ್ಲ. ಸುಮಾರು ಒಂದು ಮೀಟರ್ ಉದ್ದದ ಒಂದು ಜಾಗ ಮಾತ್ರ 1100 ಡಿಗ್ರಿಯವರೆಗೆ ಕಾದು, ಅರ್ಧ ಗಂಟೆಯಷ್ಟು ಹಾಗೇ ಇದ್ದು, ಬಳಿಕ ತಣಿದಿತ್ತು. ಹನ್ನೊಂದು ವರ್ಷಗಳ ಹಿಂದಿನ ಅರ್ಧ ಗಂಟೆಯನ್ನು ಒಂದಿಷ್ಟು ಲೋಹದಲ್ಲಿ ಓದಿದ ಈ ಸಾಹಸ ನನಗೆ ಇಂದಿಗೂ ರೋಮಾಂಚನ ಹುಟ್ಟಿಸುತ್ತದೆ.

ಅಪಘಾತವಿಲ್ಲದೆ ನಿಂತುಹೋದ ಸ್ಥಾವರಗಳೂ ಪಾಠ ಹೇಳುತ್ತವೆ. ನ್ಯೂಟ್ರಾನ್ ಹೊಡೆತಕ್ಕೆ ರಿಯಾಕ್ಟರಿನ ಉಕ್ಕು ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ, 1990ರಲ್ಲಿ ಮುಚ್ಚಿದ ರಿಯಾಕ್ಟರುಗಳ ಗೋಡೆಯಿಂದ 119 ಮಿಲಿಮೀಟರ್ ವ್ಯಾಸದ ಉರುಳೆಗಳನ್ನು ಕೊರೆದು ತೆಗೆದರು. ಮೊದಲ ಘಟಕದ ಪಾತ್ರೆಯನ್ನು 1988ರಲ್ಲಿ ಸುಮಾರು 475 ಡಿಗ್ರಿಗೆ ಕಾಯಿಸಿ ಗಡಸುತನ ಇಳಿಸಿದ್ದರು. ನಾಲ್ಕನೆಯದಕ್ಕೆ ಆ ಚಿಕಿತ್ಸೆ ಆಗಿರಲಿಲ್ಲ. ಹೋಲಿಸಿ ನೋಡಲು ಇಂಥ ಜೋಡಿ ಮತ್ತೆ ಸಿಕ್ಕೀತೇ? ಉರುಳೆಯನ್ನು ಬಿಲ್ಲೆಗಳಾಗಿ ಕೊಯ್ದು, 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ಕಡ್ಡಿಗಳನ್ನು ಮಾಡಿ, ಕಚ್ಚು ಹಾಕಿ, ಲೋಲಕದ ಸುತ್ತಿಗೆಯಿಂದ ಮುರಿಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕಾಯಿತೆಂಬುದೇ ಲೆಕ್ಕ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಬಳಕೆಯಲ್ಲಿರುವ ರಿಯಾಕ್ಟರಿನ ಒತ್ತಡದ ಕೊಳವೆಯಲ್ಲಿ ಸೇರಿದ ಹೈಡ್ರೋಜನ್ ಅಳೆಯಲೆಂದು, ಅದರೊಳಗಿಂದ ತೆಳು ಚೂರನ್ನು ಹೆರೆದು ತೆಗೆಯುವ ಉಪಕರಣವನ್ನು ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದೆ. ನಮ್ಮ ಕೈಗಾದಲ್ಲಿರುವುದೂ ಒತ್ತಡದ ಕೊಳವೆಗಳ ರಿಯಾಕ್ಟರುಗಳೇ. ಅಣು ಸ್ಥಾವರಗಳಿಗೆ ಸಿಗುವ ಈ ಆಸ್ಥೆ ಹಳೆಯ ಟರ್ಬೈನಿಗೆ, ಬಾಯ್ಲರಿಗೆ, ಸೇತುವೆಯ ಗರ್ಡರಿಗೂ ಸಿಗಬೇಕು. ಹರಾಜಿನ ಕರಾರಿನಲ್ಲೇ ಯಾವ ಭಾಗದಿಂದ ಎಷ್ಟು ತುಂಡು, ಯಾವ ಗುರುತಿನೊಂದಿಗೆ ಕೊಡಬೇಕೆಂದು ಬರೆಸಬಹುದು. ಗ್ಯಾಸ್ ಕಟರ್ ಹಚ್ಚುವ ದಿನ ಕೇಳಿದರೆ ಹೊತ್ತು ಮೀರಿರುತ್ತದೆ.