ದಾಸವಾಳದ ಬಿಳಿ ಹುಳ: ಕೊಲ್ಲುವ ಮೊದಲು ಮುಟ್ಟಿ ನೋಡಿ

ಏಪ್ರಿಲ್ ಕಳೆಯುವಷ್ಟರಲ್ಲಿ ಮಂಗಳೂರು, ಉಡುಪಿ ಕಡೆಯ ಅಂಗಳಗಳಲ್ಲಿ ದಾಸವಾಳದ ಅಂದ ಕೆಡುತ್ತದೆ. ಚಿಗುರು ಮುರುಟಿ ಗಂಟುಕಟ್ಟುತ್ತದೆ, ಮೊಗ್ಗು ಅರಳದೆ ಉದುರುತ್ತದೆ, ಕೆಳಗಿನ ಎಲೆಗಳಿಗೆ ಮಸಿ ಹಿಡಿಯುತ್ತದೆ. ಮನೆಯವರು ಸೆಕೆಯನ್ನು ಬೈದು ಒಂದು ಕೊಡ ನೀರು ಹೆಚ್ಚೇ ಹೊಯ್ಯುತ್ತಾರೆ. ಆದರೆ ದಾಸವಾಳಕ್ಕೆ ಸೆಕೆ ಹೊಸದೇನಲ್ಲ. ಬುಡದಲ್ಲಿ ತೇವ ಇದ್ದರೆ ಕರಾವಳಿಯ ಬೇಸಿಗೆಯನ್ನು ಅದು ಹೂಬಿಟ್ಟುಕೊಂಡೇ ದಾಟುತ್ತದೆ. ಮುರುಟಿದ ಚಿಗುರನ್ನು ಬಿಡಿಸಿ ನೋಡಿ: ಹತ್ತಿಯ ಎಳೆಯಂಥ ಬಿಳಿ ಗುಪ್ಪೆ, ಅದರೊಳಗೆ ಸುಮಾರು ಮೂರು ಮಿಲಿಮೀಟರ್ ಉದ್ದದ ಗುಲಾಬಿ ಮೈಯ ಕೀಟ. ರೈತರು ಹಿಟ್ಟು ತಿಗಣೆ ಎನ್ನುವುದು ಇದನ್ನೇ.

ಹೆಣ್ಣಿಗೆ ರೆಕ್ಕೆ ಇಲ್ಲ. ಕೂದಲಿಗಿಂತ ಸಪೂರವಾದ ಬಾಯಿಯ ನಳಿಗೆಯನ್ನು ಅದು ಚಿಗುರಿನೊಳಗೆ ಇಳಿಸಿ, ಎಲೆ ತಯಾರಿಸಿದ ಸಕ್ಕರೆ ಹರಿಯುವ ನಾಳಕ್ಕೇ ತಾಗಿಸುತ್ತದೆ. ದಾಸವಾಳಕ್ಕೆ ಬರುವ ಗುಲಾಬಿ ಜಾತಿಯ ಜೊಲ್ಲು ಗಿಡಕ್ಕೆ ವಿಷ. ಚಿಗುರು ಮುರುಟುವುದು ಅದರಿಂದ. ಗಂಡಿನ ಪಾಡು ಬೇರೆ. ಅದಕ್ಕೆ ಒಂದು ಜೊತೆ ರೆಕ್ಕೆಯಿದೆ, ತಿನ್ನುವ ಬಾಯಿಯಿಲ್ಲ. ಕೆಲವೇ ದಿನ ಬದುಕಿ, ಹೆಣ್ಣನ್ನು ಕೂಡಿ ಸಾಯುತ್ತದೆ. ಹೆಣ್ಣು ಬಿಳಿ ಚೀಲವೊಂದನ್ನು ನೇಯ್ದು ಅದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಒಂದು ತಲೆಮಾರು ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಮರಿಗಳನ್ನು ತೊಳೆದುಕೊಂಡು ಹೋಗುವ ಮಳೆ ಜೂನ್‌ವರೆಗೆ ಬರುವುದಿಲ್ಲ. ಮೇ ತಿಂಗಳಲ್ಲಿ ಅದರ ಸಂತೆ ಏಕೆ ಎಂಬುದಕ್ಕೆ ಇಷ್ಟೇ ಕಾರಣ.

ಗಿಡದ ರಸದಲ್ಲಿ ಸಕ್ಕರೆ ಧಾರಾಳ, ಪ್ರೋಟೀನ್ ಕಟ್ಟಲು ಬೇಕಾದ ಅಮೈನೊ ಆಮ್ಲ ಮಾತ್ರ ಅತ್ಯಲ್ಪ. ಆ ಕೊರತೆಯನ್ನು ಕೀಟದ ಮೈಯೊಳಗೆ ವಾಸವಾಗಿರುವ ಬ್ಯಾಕ್ಟೀರಿಯಾ ತುಂಬಿಕೊಡುತ್ತವೆ. ಕೊಡಗಿನ ಕಾಫಿಯನ್ನೂ ಕಾಡುವ, ನಿಂಬೆ ಜಾತಿಯ ಗಿಡಗಳ ಹಿಟ್ಟು ತಿಗಣೆಯಲ್ಲಂತೂ ಒಂದು ಬ್ಯಾಕ್ಟೀರಿಯಾದ ಒಳಗೇ ಇನ್ನೊಂದು ಬ್ಯಾಕ್ಟೀರಿಯಾ ಬಿಡಾರ ಹೂಡಿದೆ. ಕೆಲವು ಅಮೈನೊ ಆಮ್ಲಗಳು ತಯಾರಾಗಲು ಕೀಟವೂ ಸೇರಿ ಮೂವರೂ ಕೈಜೋಡಿಸಬೇಕು. 2001ರಲ್ಲಿ ಬೆಳಕಿಗೆ ಬಂದ ಈ ಒಳಬಿಡಾರದ ಸಂಗತಿ ನನಗೆ ಇಂದಿಗೂ ಪೂರ್ತಿ ನಂಬಲಾಗದ ವಿಷಯಗಳಲ್ಲಿ ಒಂದು. ಹೀಗಿದ್ದರೂ ಕೀಟ ರಸವನ್ನು ವಿಪರೀತ ಹೀರುತ್ತದೆ, ಉಳಿದ ಸಕ್ಕರೆಯನ್ನು ಅಂಟಾದ ಹನಿಗಳಾಗಿ ಹೊರಹಾಕುತ್ತದೆ. ಎಲೆಯ ಮೇಲೆ ಬಿದ್ದ ಆ ಸಿಹಿಯಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯನ್ನು ತಿನ್ನುವುದಿಲ್ಲ, ಬಿಸಿಲು ತಾಗದಂತೆ ಮುಚ್ಚುತ್ತದೆ ಅಷ್ಟೆ.

ಸಿಹಿ ಇದ್ದಲ್ಲಿ ಇರುವೆ. ಇರುವೆಗಳು ಬರೀ ತಿಂದು ಹೋಗುವುದಿಲ್ಲ; ತಿಗಣೆಯ ಶತ್ರುಗಳನ್ನು ಕಚ್ಚಿ ಓಡಿಸಿ ಕಾವಲು ಕಾಯುತ್ತವೆ, ಕೆಲವು ಜಾತಿಗಳು ಮರಿಗಳನ್ನು ಹೊತ್ತೊಯ್ದು ಹೊಸ ಚಿಗುರಿನಲ್ಲಿ ಬಿಡುತ್ತವೆ. ಚಗಳಿ ಎಂಬ ಕೆಂಪಿರುವೆಯೂ ಈ ವ್ಯವಹಾರದಲ್ಲಿ ಪಾಲುದಾರ. ಅಂಗಡಿಯಿಂದ ತಂದ ಔಷಧ ಹೊಡೆದರೆ ಮೇಣದ ಹೊದಿಕೆಯ ಮೇಲಿಂದ ಅದು ಜಾರಿ ಹೋಗುತ್ತದೆ. ಚೀಲದೊಳಗಿನ ಮೊಟ್ಟೆಗೆ ಏನೂ ಆಗುವುದಿಲ್ಲ. ಸಾಯುವುದು ಹೊರಗೆ ಓಡಾಡುವ ಶತ್ರು ಕೀಟಗಳು.

ಆ ಶತ್ರುಗಳಲ್ಲಿ ಮುಖ್ಯವಾದದ್ದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು. ನಾಲ್ಕು ಮಿಲಿಮೀಟರ್ ಉದ್ದ, ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ. ತವರು ಆಸ್ಟ್ರೇಲಿಯಾ. ಕೀಟತಜ್ಞ ಆಲ್ಬರ್ಟ್ ಕೋಬೆಲೆ 1890ರ ದಶಕದ ಆರಂಭದಲ್ಲಿ ಅದನ್ನು ಕ್ಯಾಲಿಫೋರ್ನಿಯಾಗೆ ಒಯ್ದರು. 1898ರಲ್ಲಿ ಅದು ಭಾರತಕ್ಕೆ ಬಂತು. ಕರೆಸಿದ್ದು ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಿಸಲು. ಆ ಕೆಲಸದಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಹಿಟ್ಟು ತಿಗಣೆ ಮಾತ್ರ ಅದಕ್ಕೆ ಚೆನ್ನಾಗಿ ರುಚಿಸಿತು. ಇಂದು ಪ್ರಯೋಗಾಲಯಗಳಲ್ಲಿ ಇದನ್ನು ಸಾಕುವ ಬಗೆ ಸ್ವಾರಸ್ಯಕರ: ಬಲಿತ ಸಿಹಿಗುಂಬಳಕ್ಕೆ ಹಿಟ್ಟು ತಿಗಣೆ ಹತ್ತಿಸಿ, ಕಾಯಿ ಬಿಳಿಯಾದ ಮೇಲೆ ಗುಲಗಂಜಿ ಹುಳುಗಳನ್ನು ಬಿಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇಂಥ ಮಿತ್ರ ಕೀಟಗಳ ಕೇಂದ್ರ.

ಎಡವಟ್ಟಾಗುವುದು ಗುಲಗಂಜಿ ಹುಳುವಿನ ಮರಿಯ ವಿಷಯದಲ್ಲಿ. ಅದಕ್ಕೂ ಮೈತುಂಬ ಬಿಳಿ ಮೇಣದ ಎಳೆಗಳು. ನೋಡಲು ದೊಡ್ಡದೊಂದು ಹಿಟ್ಟು ತಿಗಣೆಯೇ. ಇರುವೆ ಕಚ್ಚಲು ಬಂದರೆ ಬಾಯಿಗೆ ಮೇಣ ಮೆತ್ತಿಕೊಳ್ಳುತ್ತದೆ. ಈ ವೇಷಕ್ಕೆ ಇರುವೆಗಳಷ್ಟೇ ಅಲ್ಲ, ಅಂಗಳದ ಯಜಮಾನರೂ ಮೋಸಹೋಗುತ್ತಾರೆ. ನೂರಾರು ಮೊಟ್ಟೆ, ಮರಿಗಳನ್ನು ತಿಂದುಹಾಕುವ ಸಹಾಯಕನನ್ನೇ "ಅಬ್ಬಾ, ಎಷ್ಟು ದೊಡ್ಡದು!" ಎಂದು ಮೊದಲು ಹೊಸಕಿಬಿಡುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಕಡ್ಡಿಯಿಂದ ಮುಟ್ಟಿ. ಬಲಿತ ತಿಗಣೆ ಅಂಟಿಕೊಂಡೇ ಇರುತ್ತದೆ, ಇಲ್ಲವೇ ಬಲು ನಿಧಾನ ಕದಲುತ್ತದೆ. ಗುಲಗಂಜಿ ಮರಿ ಸರಸರ ನಡೆದುಬಿಡುತ್ತದೆ. ಬೆಳೆದ ಮರಿ ಒಂದು ಸೆಂಟಿಮೀಟರನ್ನೂ ಮೀರುತ್ತದೆ.

ಹಾಗಾಗಿ ಮೊದಲು ಇರುವೆಯ ದಾರಿ ಕಡಿಯಿರಿ. ಗೋಡೆಗೋ ಪಕ್ಕದ ಗಿಡಕ್ಕೋ ತಾಗುವ ಗೆಲ್ಲು ಕತ್ತರಿಸಿ, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ, ತೊಗಟೆಗೇ ಬಳಿಯಬೇಡಿ. ಕುಂಡದ ಗಿಡವಾದರೆ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವಂತೆ, ತಟ್ಟೆಯ ನಡುವೆ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡ ಕೂರಿಸಿ. ಸೊಳ್ಳೆ ಆಗದಂತೆ ನೀರು ಬದಲಿಸುತ್ತಿರಿ. ತೀರಾ ಮುರುಟಿದ ಚಿಗುರನ್ನು ಚಿವುಟಿ ಸುಟ್ಟುಹಾಕಿ. ಪೈಪಿನ ಜೋರು ನೀರಿನಿಂದ ಎಲೆಯ ಅಡಿಭಾಗ ತೊಳೆಯಿರಿ. ರಸ್ತೆಯ ಧೂಳೂ ಹೋಗುತ್ತದೆ, ಧೂಳಿದ್ದರೆ ಮಿತ್ರ ಕೀಟಗಳಿಗೆ ಕೆಲಸ ಸಾಗದು. ಯೂರಿಯಾ ಹಾಕಬೇಡಿ, ಎಳೆ ಚಿಗುರು ಹೆಚ್ಚಿದಷ್ಟೂ ತಿಗಣೆಗೆ ಹಬ್ಬ. ಹೀಗೆ ಮಾಡಿ ಹದಿನೈದು ದಿನ ಕಾಯಿರಿ. ಅಷ್ಟಾದರೂ ಬಗ್ಗದಿದ್ದರೆ, ಗುಲಗಂಜಿ ಮರಿ ಇಲ್ಲದ ಗೆಲ್ಲುಗಳಿಗೆ ಮಾತ್ರ, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪು ಬೆರೆಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ.