ಅಗೆದ ಮಣ್ಣು ಹಳ್ಳ ಸೇರದಿರಲಿ

ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಕೆಲಸ ಆರಂಭವಾಗುತ್ತದೆ. ಕೃಷಿ ಹೊಂಡ ತೋಡುವುದು, ಜಮೀನು ಸಮ ಮಾಡುವುದು, ತೋಟಕ್ಕೆ ರಸ್ತೆ ಕಡಿಯುವುದು, ಮನೆಗೆ ಜಾಗ ಹದಮಾಡುವುದು ಇವೆಲ್ಲ ಅಗತ್ಯವಾದ ಕೆಲಸಗಳೇ. ಹಿಂದೆ ಹಾರೆ ಗುದ್ದಲಿಗಳಿಂದ ತಿಂಗಳುಗಟ್ಟಲೆ ನಡೆಯುತ್ತಿದ್ದ ಕೆಲಸವನ್ನು ಇಂದು ಯಂತ್ರ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಆದರೆ ಯಂತ್ರ ಹೋದ ಮೇಲೆ ಉಳಿಯುವ ಸಡಿಲ ಮಣ್ಣಿನ ಬಗ್ಗೆ ಯೋಚಿಸುವವರು ಕಡಿಮೆ. ಬಿರುಮಳೆಗೆ ಅದು ಕೆಳಗಿನವರ ಗದ್ದೆಗೂ ಊರಿನ ಕೆರೆಗೂ ಇಳಿಯುತ್ತದೆ. ಇದನ್ನು ತಡೆಯಲು ಹೆಚ್ಚು ಖರ್ಚು ಬೇಕಿಲ್ಲ. ಕೆಲಸದ ಕ್ರಮ ಸರಿಯಾಗಿರಬೇಕು, ಅಷ್ಟೆ.

ನಷ್ಟದ ಲೆಕ್ಕ

12 ಮೀ. ಉದ್ದ, 12 ಮೀ. ಅಗಲ, 3 ಮೀ. ಆಳವಿದ್ದು, ಬದಿಗಳು 1:1 ಇಳಿಜಾರಾಗಿರುವ ಹೊಂಡದಿಂದ 252 ಘನ ಮೀಟರ್ ಮಣ್ಣು ಹೊರಬರುತ್ತದೆ. ಘನ ಮೀಟರಿಗೆ 1.3 ಟನ್ ಎಂದು ಹಿಡಿದರೆ ಇದು ಸುಮಾರು 328 ಟನ್. ನಮ್ಮ ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16.35 ಟನ್ ಮಣ್ಣು ಕೊಚ್ಚಿಹೋಗುತ್ತದೆಂದು 1983ರಲ್ಲಿ ಅಂದಾಜು ಮಾಡಲಾಗಿತ್ತು. ಹೊಂಡದ ಮಣ್ಣಿನಲ್ಲಿ ಇಪ್ಪತ್ತನೆಯ ಒಂದು ಭಾಗ ಹರಿದುಹೋದರೂ ಒಂದು ಹೆಕ್ಟೇರಿನ ವರ್ಷದ ನಷ್ಟಕ್ಕೆ ಸಮನಾಯಿತು!

ಕೆಸರಾದ ಮೇಲೆ ಹಿಡಿಯುವುದು ಕಷ್ಟ

ಕೆಳಗಡೆ ಒಂದು ಗುಂಡಿ ತೋಡಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ನಿಂತ ನೀರಿನಲ್ಲಿ 0.1 ಮಿ.ಮೀ. ಗಾತ್ರದ ಮರಳಿನ ಕಣ ಒಂದು ಮೀಟರ್ ಕೆಳಗಿಳಿಯಲು ಸುಮಾರು 2 ನಿಮಿಷ ಸಾಕು. 0.01 ಮಿ.ಮೀ. ಗಾತ್ರದ ಗೋಡು ಕಣಕ್ಕೆ ಸುಮಾರು 3 ಗಂಟೆ ಬೇಕು. 0.001 ಮಿ.ಮೀ. ಗಾತ್ರದ ಜೇಡಿ ಕಣಕ್ಕೆ 10 ದಿನಗಳಿಗೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಗುಂಡಿಯಲ್ಲಿ ಮರಳು ನಿಲ್ಲುತ್ತದೆ, ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಜೇಡಿ ಕೆಂಪು ನೀರಿನೊಡನೆ ಹರಿದುಹೋಗುತ್ತದೆ. ಜೇಡಿಯನ್ನು ಉಳಿಸಬೇಕಾದರೆ ಮಣ್ಣು ಇದ್ದಲ್ಲಿಂದ ಕದಲದಂತೆ ನೋಡಿಕೊಳ್ಳಬೇಕು.

ಅನುಸರಿಸಬೇಕಾದ ಕ್ರಮಗಳು

1. ಮುಂಗಾರಿಗೆ ಮೊದಲೇ ಕೆಲಸ ಮುಗಿಯುವಂತೆ ಯೋಜಿಸಿರಿ. ಒಂದೇ ಸಲ ಇಡೀ ಜಮೀನನ್ನು ಬೋಳು ಮಾಡದೆ, ಮುಗಿಸಬಲ್ಲಷ್ಟು ಭಾಗವನ್ನು ಮಾತ್ರ ಅಗೆಯಿರಿ.

2. ಅಗೆಯುವ ಜಾಗದ ಮೇಲ್ಭಾಗದಲ್ಲಿ ತಿರುವು ಕಾಲುವೆ ತೆಗೆದು, ಮೇಲಿನಿಂದ ಬರುವ ನೀರನ್ನು ಹುಲ್ಲು ಬೆಳೆದ ಜಾಗಕ್ಕೆ ಬಿಡಿರಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು.

3. ಮೇಲಿನ 15ರಿಂದ 20 ಸೆಂ.ಮೀ. ಫಲವತ್ತಾದ ಮಣ್ಣನ್ನು ಬೇರೆಯಾಗಿ ರಾಶಿ ಹಾಕಿರಿ. ಕೆಲಸ ಮುಗಿದ ಮೇಲೆ ಅದನ್ನೇ ಮೇಲ್ಪದರವಾಗಿ ಹರಡಿರಿ. ಅಡಿಮಣ್ಣು ಮೇಲೆ ಬಂದರೆ ಹಲವು ವರ್ಷ ಬೆಳೆ ಸೊರಗುತ್ತದೆ.

4. ರಾಶಿಯನ್ನು ಹಳ್ಳದ ದಂಡೆಯಲ್ಲಾಗಲಿ, ಕಾಲುವೆಯ ಬಾಯಲ್ಲಾಗಲಿ ಹಾಕಬೇಡಿರಿ. ಹೊಂಡದ ಅಂಚಿನಿಂದ ಕನಿಷ್ಠ 1 ಮೀ. ಬಿಟ್ಟು, ತೆಳು ಪದರಗಳಲ್ಲಿ ಹರಡಿ ದಮ್ಮಸ್ಸು ಮಾಡಿ ಬದು ಕಟ್ಟಿರಿ.

5. ಬೋಳು ಮಣ್ಣಿಗೆ ಕೂಡಲೇ ಒಣಹುಲ್ಲು ಅಥವಾ ತರಗೆಲೆ ಹೊದಿಸಿ, ಹದ ಬಂದೊಡನೆ ಅಲಸಂದೆ ಅಥವಾ ಹುರುಳಿ ಚೆಲ್ಲಿರಿ. ಬದುವಿನ ಮೇಲೆ ಸಮಪಾತಳಿಗೆ ಸರಿಯಾಗಿ ಲಾವಂಚದ ಸಾಲು ನೆಡಿರಿ.

6. ನೀರು ಹೊರಬೀಳುವ ಕಡೆ ಕಲ್ಲಿನ ತಡೆ ಮತ್ತು ಹೂಳುಗುಂಡಿ ಇರಲಿ. ಗುಂಡಿ ಅರ್ಧ ತುಂಬಿದೊಡನೆ ಹೂಳು ತೆಗೆದು ಜಮೀನಿಗೆ ಹಾಕಿರಿ.

ಮಲೆನಾಡಿನವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಸಾಲು ಸಾಲು ಭೂಕುಸಿತಗಳಾದವು. ರಸ್ತೆ, ಕಟ್ಟಡಗಳಿಗಾಗಿ ಗುಡ್ಡದ ಇಳಿಜಾರನ್ನು ಕಡಿದದ್ದೂ ಇದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು. ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುವುದು ಅಪಾಯಕರ.

ಮೇಲ್ಗಡೆ ದೊಡ್ಡ ಕಾಮಗಾರಿ ನಡೆದರೆ?

ನಿಮ್ಮ ಸ್ವಂತದ ಸಣ್ಣ ಹೊಂಡಕ್ಕೆ 2006ರ ಪರಿಸರ ಪ್ರಭಾವ ಅಂದಾಜು ಅಧಿಸೂಚನೆಯಂತೆ ಅನುಮತಿ ಬೇಕಿಲ್ಲ. ಆದರೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟಡ ವಿಸ್ತೀರ್ಣವುಳ್ಳ ನಿರ್ಮಾಣಗಳು ಕೆಲಸ ಆರಂಭಿಸುವ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಮೇಲ್ಮಣ್ಣನ್ನು ಕಾಪಾಡಬೇಕು, ಅಗೆದ ಮಣ್ಣಿನಿಂದ ನೆರೆಯವರಿಗೆ ತೊಂದರೆಯಾಗಬಾರದು ಎಂಬ ಷರತ್ತುಗಳು ಇಂತಹ ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತವೆ. ಷರತ್ತುಗಳ ಪಾಲನೆಯ ಬಗ್ಗೆ ಯೋಜನೆಯವರು ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಅನುಮತಿ ಪತ್ರದ ಪ್ರತಿಯನ್ನು ಸ್ಥಳೀಯ ಪಂಚಾಯಿತಿಗೂ ಕೊಡಬೇಕು. ನಿಮ್ಮ ಗದ್ದೆಗೆ ಕೆಸರು ನುಗ್ಗಿದರೆ ಸುಮ್ಮನಿರಬೇಡಿರಿ. ಪಂಚಾಯಿತಿಯಲ್ಲಿ ಪ್ರತಿ ನೋಡಿ, ದಿನಾಂಕ ಮತ್ತು ಛಾಯಾಚಿತ್ರಗಳೊಡನೆ ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿರಿ.

ಯಂತ್ರವನ್ನು ಬಾಡಿಗೆಗೆ ಕರೆಸುವ ಮುನ್ನ ಮಳೆನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಜಮೀನಿನಲ್ಲಿ ನಡೆದಾಡಿ ಗುರುತು ಮಾಡಿಕೊಳ್ಳಿರಿ. ತಿರುವು ಕಾಲುವೆಯನ್ನು ಮೊದಲು ತೆಗೆಸಿ, ಹೊಂಡವನ್ನು ಆಮೇಲೆ ತೋಡಿಸಿರಿ. ಆಗ ನಿಮ್ಮ ಮಣ್ಣು ನಿಮ್ಮಲ್ಲೇ ಉಳಿಯುತ್ತದೆ, ಊರ ಕೆರೆಯೂ ಹೂಳಿನಿಂದ ಪಾರಾಗುತ್ತದೆ.