ಪಕ್ಕವಾದ್ಯದ ವೃತ್ತಿ ಮತ್ತು ತಿರುಮಕೂಡಲು ಚೌಡಯ್ಯನವರ ಏಳು ತಂತಿಗಳು

ಸಂಗೀತದ ಚರಿತ್ರೆಯನ್ನು ಬರೆಯುವವರು ವಾಗ್ಗೇಯಕಾರರಿಂದ ತೊಡಗಿ ಗಾಯಕರವರೆಗೆ ಬಂದು ನಿಲ್ಲುವುದು ವಾಡಿಕೆ. ಗಾಯಕರ ಪಕ್ಕದಲ್ಲಿ ಕುಳಿತು ಜೀವನ ಸಾಗಿಸಿದವರು ಯಾರಿಂದ ಹಣ ಪಡೆದರು, ಆ ಹಣಕ್ಕೆ ಪ್ರತಿಯಾಗಿ ಅವರಿಂದ ಏನನ್ನು ನಿರೀಕ್ಷಿಸಲಾಗುತ್ತಿತ್ತು ಎಂಬ ಪ್ರಶ್ನೆಗಳು ಗ್ರಂಥಗಳ ಅಂಚಿನಲ್ಲಿಯೇ ಉಳಿದಿವೆ. ಪಿಟೀಲು ಚೌಡಯ್ಯನವರ ವೃತ್ತಿಜೀವನದ ಮೂಲಕ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಅವರ ಏಳು ತಂತಿಯ ಪಿಟೀಲನ್ನು ಪ್ರತಿಭೆಯ ಚಮತ್ಕಾರವೆಂದು ಕೊಂಡಾಡುವುದಕ್ಕಿಂತ, ಕಸುಬುದಾರನೊಬ್ಬನು ತನ್ನ ಕಸುಬಿನ ಕಷ್ಟಕ್ಕೆ ಕಂಡುಕೊಂಡ ಪರಿಹಾರವೆಂದು ತಿಳಿಯುವುದೇ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.

ಚೌಡಯ್ಯನವರು 1895ರಲ್ಲಿ ತಿರುಮಕೂಡಲಿನ ಒಕ್ಕಲು ಮನೆತನವೊಂದರಲ್ಲಿ ಜನಿಸಿದರು. ಕಾವೇರಿ ಕಪಿಲೆಗಳು ಕೂಡುವ ಈ ಕ್ಷೇತ್ರವು ನರಸೀಪುರಕ್ಕೆ ಹೊಳೆಯಾಚೆ ಇದೆ, ತಿ. ನರಸೀಪುರವೆಂಬ ಹೆಸರಿನ ಮೊದಲ ಅಕ್ಷರವೂ ಈ ಊರಿನದೇ. ಹಾಡಿನಿಂದ ಬದುಕುವುದು ಈ ಸೀಮೆಗೆ ಹೊಸದಲ್ಲ. ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಕಾವ್ಯವನ್ನು ತಂಬೂರಿಯೊಡನೆ ಹಾಡುವ ನೀಲಗಾರರು ನಂಜನಗೂಡು, ನರಸೀಪುರ ಭಾಗಗಳಲ್ಲಿ ಇಂದಿಗೂ ಇದ್ದಾರೆ. ಅವರದು ದೀಕ್ಷೆ ಪಡೆದ ಹಾಡಿಕೆ. ಭಿಕ್ಷೆ ಎತ್ತುವುದು ವ್ರತದ ಒಂದು ಅಂಗ. ಉಳಿದ ದಿನಗಳಲ್ಲಿ ಬೇಸಾಯವೋ ಕೂಲಿಯೋ ಅವರ ಮನೆಯನ್ನು ನಡೆಸುತ್ತದೆ. ಕೇಳುಗನು ಮೊರಕ್ಕೆ ಹಾಕಿ ತಂದು ನೀಡುವ ಧಾನ್ಯವು ಹಾಡಿದವನ ಕಂಠಕ್ಕೆ ಕಟ್ಟಿದ ಬೆಲೆಯಲ್ಲ. ಅದು ದೇವರಿಗೆ ಸಲ್ಲತಕ್ಕದ್ದು. ಕಚೇರಿಯ ಪಿಟೀಲುಗಾರನಿಗೆ ಇಂತಹ ಆಶ್ರಯವಿರಲಿಲ್ಲ.

1910ರಲ್ಲಿ ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರು ಎಂಬುದನ್ನು ಇಲ್ಲಿ ಗಮನಿಸಬೇಕು. ಪಕ್ಕವಾದ್ಯಗಾರನ ಕೆಲಸವೇ ಕಂಠವನ್ನು ಹಿಂಬಾಲಿಸುವುದು. ಅದನ್ನು ಗಾಯಕನ ಮನೆಯಲ್ಲಿ ಕಲಿಯುವುದಕ್ಕಿಂತ ಮೇಲಾದ ಶಿಕ್ಷಣ ಬೇರೆ ಇರಲಾರದು. ಅರಮನೆಯು ವಿದ್ವಾಂಸರಿಗೆ ಸಂಬಳ ಕೊಡುತ್ತಿದ್ದುದು ನಿಜ. ಆದರೆ ಆ ಸ್ಥಾನಗಳು ಕೆಲವೇ. ಚೌಡಯ್ಯನವರಿಗೆ ಆಸ್ಥಾನ ವಿದ್ವಾಂಸರ ಪದವಿ ದೊರೆತದ್ದು 1939ರಲ್ಲಿ. ಅಷ್ಟರೊಳಗಾಗಿ ಅವರ ಹೆಸರು ದಕ್ಷಿಣ ದೇಶದಲ್ಲೆಲ್ಲ ಹರಡಿತ್ತು. ಅವರನ್ನು ಬೆಳೆಸಿದುದು ಅರಮನೆಗಿಂತ ಮಿಗಿಲಾಗಿ ಊರೂರಿನ ಸಭೆಗಳು ಮತ್ತು ಉತ್ಸವದ ಚಪ್ಪರಗಳು ಎಂದರೆ ತಪ್ಪಾಗಲಾರದು.

ಈ ಹೊಸ ಪೇಟೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಒಬ್ಬ ಗಾಯಕನನ್ನು ಒಂದೇ ಊರಿನವರು ವರ್ಷದಲ್ಲಿ ಒಂದೆರಡು ಸಲ ಕರೆಸಿಯಾರು. ಪಿಟೀಲುಗಾರನಾದರೋ ಬೇರೆ ಬೇರೆ ಗಾಯಕರೊಡನೆ ಅದೇ ಊರಿಗೆ ಹತ್ತು ಸಲ ಹೋಗಬಲ್ಲನು. ಸಂಭಾವನೆ ಗಾಯಕನಿಗಿಂತ ಕಡಿಮೆ, ಕಚೇರಿಗಳು ಹೆಚ್ಚು: ಇದು ಪಕ್ಕವಾದ್ಯದ ಲೆಕ್ಕಾಚಾರ. ಆದುದರಿಂದ ಅರಿಯಕುಡಿ, ಚೆಂಬೈ, ಮುಸಿರಿ, ಶೆಮ್ಮಂಗುಡಿ ಮೊದಲಾದ ಭಿನ್ನ ಶೈಲಿಯ ಗಾಯಕರೆಲ್ಲರಿಗೂ ಒಗ್ಗುವ ಕೈ ಅವನಿಗೆ ಬೇಕು. ಇದಕ್ಕೂ ಮೊದಲು, ಅವನ ವಾದ್ಯ ಕೇಳಿಸಬೇಕು. ಚೆಂಬೈ ವೈದ್ಯನಾಥ ಭಾಗವತರದು ಘನವಾದ ಶಾರೀರ. ಧ್ವನಿವರ್ಧಕವಿಲ್ಲದ ಚಪ್ಪರದಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದವು ಮುಂದಿನ ಸಾಲುಗಳನ್ನು ದಾಟುವುದೇ ಕಷ್ಟ. ಹಿಂದೆ ಕುಳಿತವನಿಗೆ ಕೇಳದ ಪಕ್ಕವಾದ್ಯಗಾರನನ್ನು ವ್ಯವಸ್ಥಾಪಕರು ಮತ್ತೆ ಏಕೆ ಕರೆದಾರು?

1927ರಲ್ಲಿ ಚೌಡಯ್ಯನವರು ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ನಾಲ್ಕರಲ್ಲಿ ಮೂರು ತಂತಿಗಳಿಗೆ ಜೊತೆತಂತಿ ದೊರೆತು ನಾದವು ತುಂಬಿ ಬಂದಿತು. ಆದರೆ ಇದರಿಂದ ವಾದಕನ ಶ್ರಮ ಇಮ್ಮಡಿಯಾಯಿತು. ಒಂದೇ ಬೆರಳಿನಿಂದ ಎರಡು ತಂತಿಗಳನ್ನು ಸರಿಸಮನಾಗಿ ಒತ್ತಬೇಕು. ಜೊತೆತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಅದು ತಪ್ಪನ್ನೇ ದೊಡ್ಡದಾಗಿ ಕೇಳಿಸುತ್ತದೆ. ಕುದುರೆಯ ಮೇಲಿನ ಭಾರವೂ, ತಿರುಗಿಸಬೇಕಾದ ಬಿರಡೆಗಳೂ ಹೆಚ್ಚುತ್ತವೆ. ಇಷ್ಟು ಕಷ್ಟವನ್ನು ಕೇವಲ ಹೊಸತನದ ಮೋಹದಿಂದ ಯಾರೂ ದಿನದಿನವೂ ಸಹಿಸರು. ಅದೇ 1927ರ ಕಡೆಯಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದೊಡನೆ ಸಂಗೀತ ಸಮ್ಮೇಳನ ನಡೆಯಿತು. ಅದರ ಫಲವಾಗಿ 1928ರಲ್ಲಿ ಸಂಗೀತ ಅಕಾಡೆಮಿ ಹುಟ್ಟಿತು. ಕೇಳುಗರ ಸಮುದಾಯವು ದೊಡ್ಡದಾಗುತ್ತಿದ್ದ ಕಾಲವದು.

ಆದರೆ ಆ ಕಾಲ ಬೇಗನೆ ಬದಲಾಯಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಸಭೆಗಳಿಗೂ ಧ್ವನಿವರ್ಧಕ ಬಂದಿತು. ಮೈಕಿನ ಮುಂದೆ ನಾಲ್ಕು ತಂತಿಯೇ ಸಾಕು. ಹೀಗೆ ಏಳು ತಂತಿಯ ಪಿಟೀಲು ಯಾವ ಕೊರತೆಯನ್ನು ತುಂಬಲು ಬಂದಿತೋ ಆ ಕೊರತೆಯೇ ಇಲ್ಲವಾಯಿತು. ಆದರೂ ಚೌಡಯ್ಯನವರು ಅದನ್ನು ಕೈಬಿಡಲಿಲ್ಲ. ಅಷ್ಟು ಹೊತ್ತಿಗೆ ಆ ತುಂಬುನಾದವೇ ಅವರ ಗುರುತಾಗಿತ್ತು. ಸಾಧನವು ಶೈಲಿಯಾಗಿ ಪರಿಣಮಿಸುವುದಕ್ಕೆ ಇದು ಒಳ್ಳೆಯ ನಿದರ್ಶನ.

ಪಕ್ಕವಾದ್ಯದ ಸಂಭಾವನೆಯೊಂದನ್ನೇ ಅವರು ನೆಚ್ಚಿಕೊಳ್ಳಲಿಲ್ಲ. ತನಿಕಚೇರಿಗಳನ್ನು ನಡೆಸಿದರು, ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿದರು, ಹುಟ್ಟೂರಿನ ನೆನಪಿನ 'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ 'ವಾಣಿ' ಚಲನಚಿತ್ರವನ್ನು ನಿರ್ಮಿಸಿದರು. ಪಂಡರಿಬಾಯಿಯವರಿಗೆ ಅದು ಮೊದಲ ಚಿತ್ರ. ಚೆಂಬೈಯವರೂ ಅದರಲ್ಲಿ ಕಾಣಿಸಿಕೊಂಡರು. ಪಕ್ಕದಲ್ಲಿ ಕುಳಿತು ಹೆಸರಾದವರು ಹಣ ಹೂಡುವ ಯಜಮಾನರಾದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರಿಗೆ 1941ರಲ್ಲಿ, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರಿಗೆ 1948ರಲ್ಲಿ ದೊರೆತ 'ಸಂಗೀತ ಕಲಾನಿಧಿ' ಬಿರುದು ಚೌಡಯ್ಯನವರಿಗೆ 1957ರಲ್ಲಿ ಸಂದಿತು. 1967ರಲ್ಲಿ ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಲಾಯಿತು. ಏಳು ತಂತಿಯ ವಾದನವನ್ನು ಮುಂದುವರಿಸಿದವರು ಮಾತ್ರ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಪ್ರಮುಖರು ವಿದ್ವಾನ್ ಆರ್. ಆರ್. ಕೇಶವಮೂರ್ತಿಗಳು. ಬೆಂಗಳೂರಿನಲ್ಲಿ ಅನೇಕ ಶಿಷ್ಯರನ್ನು ಸಿದ್ಧಗೊಳಿಸಿದ ಅವರು 2006ರಲ್ಲಿ ನಿಧನರಾದರು.